ಕಾಡುಮಲ್ಲಿಗೆಗೊಂದು ಸೀನು

ಮನೆಯೊಡತಿಗೆ, ನನ್ನ ಮೂಗಿನ ಹಿತೈಷಿಗೆ,

ನಿನ್ನ ಅಕ್ಕನ ಮುರಿದ ಕೈ ಕೂಡಿಕೊಳ್ಳುತ್ತಿದೆ ಎಂದು ತಿಳಿದು ಸಂತೋಷವಾಯಿತು. ಆದರೆ ಅಲ್ಲಿ ಕುಳಿತೇ ನನ್ನ ಸೀನಿಗೂ ಮದ್ದು ಅರೆದಿದ್ದೀಯಲ್ಲ, ಅದು ಮಾತ್ರ ಹಿಡಿಸಲಿಲ್ಲ. ಬೆಳಗ್ಗೆ ಮಾಲಿ ಗುದ್ದಲಿ ಹಿಡಿದು ಬಂದ. "ಸಾರ್, ಕಿಟಕಿ ಹತ್ರದ ಕಾಡುಮಲ್ಲಿಗೆ ನಿಮಗೆ ಆಗಲ್ವಂತೆ, ಬುಡಸಮೇತ ಕಿತ್ತುಬಿಡು ಅಂತ ಅಮ್ಮಾವ್ರು ಹೇಳಿ ಕಳಿಸಿದಾರೆ" ಎಂದ.

ನರ್ಸರಿಯಿಂದ ತಂದ ದೂರದೇಶದ ಗಿಡಗಳೆಲ್ಲ ಮುನಿಸಿಕೊಂಡು ಒಣಗಿದಾಗಲೂ ನಮ್ಮ ಹಿತ್ತಿಲಲ್ಲಿ ನಿಂತದ್ದು ಈ ನಾಡಗಿಡವೊಂದೇ. ಪೊದೆ ತುಂಬ ಹೂ ಬಿಟ್ಟಿತ್ತು. ಹತ್ತಿರ ಹೋದವನೇ ಎಂದಿನಂತೆ ಸೀನಿದೆ. ಎಂದಿನಂತೆ ಅಡುಗೆಮನೆಯ ಕಿಟಕಿಯತ್ತ ಕಿವಿಗೊಟ್ಟು ನಿಂತೆ.

"ಶೀತಾನಾ ಸಾರ್?" ಎಂದ ಮಾಲಿ.

ಇಷ್ಟು ವರ್ಷ ನಾನು ಸೀನಿದಾಗಲೆಲ್ಲ ಆ ಕಿಟಕಿಯಿಂದ "ನೂರು ವರ್ಷ ಬಾಳಿ, ಮೊದಲು ಮೂಗು ಒರೆಸ್ಕೊಳ್ಳಿ" ಎನ್ನುತ್ತಿದ್ದವಳು ನೀನು. ಗಿಡ ಹೋದರೆ ಸೀನು ಹೋಗುತ್ತದೆ. ಸೀನು ಹೋದರೆ ನನ್ನ ಆಯುಷ್ಯದ ಗತಿಯೇನು? ಮಾಲಿಯಿಂದ ಬುಡಕ್ಕೆ ಗೊಬ್ಬರ ಹಾಕಿಸಿ, ಚಹಾ ಕೊಟ್ಟು ಕಳಿಸಿದೆ.

ಬರುವಾಗ ನಾಲ್ಕು ದೊಡ್ಡ ಕರವಸ್ತ್ರ ತಾ. ಅಕ್ಕನ ಕೈ ಸರಿಹೋದ ಕೂಡಲೇ ಹೊರಡು. ನೀನಿಲ್ಲದೆ ಸೀನಿದ ಸೀನುಗಳಿಗೆಲ್ಲ ಹಾರೈಕೆ ಬಾಕಿ ಬಿದ್ದಿದೆ.

ಇಂತು ನಿನ್ನ,
ಕೆಂಪು ಮೂಗಿನವನು