ಮುಚನೇಟಾನ ಹಗ್ಗ ಬಿಚ್ಚಬೇಡ

ಅಜ್ಜಾ,

ಮರೊಂಡೆರಾ ಬಸ್ಸು ಹಾರ್ನ್ ಹೊಡೆಯುತ್ತಿದೆ, ಓಡುತ್ತಿದ್ದೇನೆ. ಸಾಡ್ಜಾ ಮುದ್ದೆ ಮುಚ್ಚಿಟ್ಟಿದ್ದೇನೆ, ತಿನ್ನು.

ನಾಯಿಯ ಹಗ್ಗ ಮಾತ್ರ ಬಿಚ್ಚಬೇಡ. ಎಂಟು ತಿಂಗಳಿಗೇ ಹರೆಯದ ಸೊಕ್ಕು; ನಿನ್ನೆ ಮತ್ತೆ ಪಕ್ಕದ ಮನೆಯ ರುವಿಂಬೊನ ಅಮ್ಮನ ಆಡುಗಳನ್ನು ಅಟ್ಟಿಸಿಕೊಂಡು ಹೋಯಿತು. ಹಳೇ ಜಗಳದ ಸಿಟ್ಟಿಗೆ ಅವರನ್ನು ಚುಚ್ಚಲೆಂದೇ ನೀನು ಅದಕ್ಕೆ ‘ಮುಚನೇಟಾ’, ಅಂದರೆ ‘ನೀವೇ ಸುಸ್ತಾಗ್ತೀರಿ’, ಅಂತ ಹೆಸರಿಟ್ಟೆ. ಬೇಲಿ ಪಕ್ಕ ನಿಂತು ಅದನ್ನು ಕೂಗುವ ನಾಚಿಕೆ ನನಗೆ! ಗಂಟಲು ಹರಿಯುವಂತೆ ಕೂಗಿದರೂ ಅದು ತಿರುಗಿ ನೋಡಲಿಲ್ಲ.

ಅವರು ಒಂದೇ ಸಲ ಮೆಲ್ಲಗೆ ಕರೆದರು. ಬಾಲ ಅಲ್ಲಾಡಿಸುತ್ತ ಅವರ ಹತ್ತಿರ ಓಡಿತು. ಅದು ನಮ್ಮ ಹತ್ತಿರ ಬಂದಾಗಲೆಲ್ಲ ನಾವು ಬೈದೆವು. ಅವರು ಅದಕ್ಕೆ ಒಣಮೀನು ಕೊಟ್ಟಿದ್ದಾರೆ.

“ನಾನಿನ್ನೂ ಸುಸ್ತಾಗಿಲ್ಲ ಕಣೇ. ನಿಮ್ಮಜ್ಜಂಗೆ ಆಯ್ತಾ ಕೇಳು. ಆಗಿದ್ರೆ ಚಹಾಕ್ಕೆ ಬರ್ಲಿ,” ಅಂದರು.

ಅವರು ಕರೆದರೆ ನಾಯಿಯೇ ಹೋಗುತ್ತದೆ. ನಿನಗೇನು ಧಾಡಿ?

ಶಮಿಸೊ