ಅಣ್ಣನ ದನಿಯಲ್ಲಿ ಬೊಗಳಿದ ನಾಯಿ

ಅತ್ತಿಗೆ,

ಹಾಲು ಕಾಸಿಟ್ಟಿದ್ದೇನೆ, ಎಲ್ಲ ಕಾಫಿಗೆ ಸುರಿಯಬೇಡಿ. ಆನೇಮಹಲಿನ ಅಯಾಜ್ ಮನೆಯಿಂದ ನಾಯಿಮರಿ ತರಲು ಹೊರಟೆ. ನೀವು ಕುಂದೂರಿನ ತವರಲ್ಲಿದ್ದಾಗ ನಡೆದದ್ದಿದು, ನನ್ನಾಣೆ ನಿಜ.

ಜಗಲಿಯಲ್ಲಿ ಮಲಗಿದ್ದ ನಮ್ಮ ನಾಯಿ ಕರಿಯನನ್ನು ಚಿರತೆ ಹೊತ್ತೊಯ್ದ ಮೇಲೆ, ನಾಯಿಯ ಮಾತೆತ್ತಿದರೆ ಅಣ್ಣ ಎದ್ದು ಹೋಗುತ್ತಿದ್ದನಲ್ಲ? ಟೆರಿಯರ್ ಜಾತಿಯ ನಾಯಿ ಪುಟ್ಟದು, ಮನೆಯೊಳಗೇ ಮಲಗುತ್ತದೆ ಎಂದರೂ ಕೇಳಲಿಲ್ಲ.

ಅಯಾಜ್ ಬಳಿ ಎರಡು ಬಗೆಯ ಟೆರಿಯರ್ ಮರಿಗಳಿವೆ. ನಿನ್ನೆ ಸ್ಟೋರಿನಲ್ಲಿ ಕಾಫಿ ಮೂಟೆಗಳ ಹಿಂದೆ ಕೂತು, ಫಾಕ್ಸ್ ಟೆರಿಯರ್ ಹಾಗೆ ಕೀಚಲಾಗಿ, ಬುಲ್ ಟೆರಿಯರ್ ಹಾಗೆ ದಪ್ಪಗೆ ಬೊಗಳಿ, ನಮ್ಮ ಮನೆಗೆ ಯಾವ ದನಿ ಹೊಂದೀತೆಂದು ನೋಡುತ್ತಿದ್ದೆ. ಕಣದಲ್ಲಿ ಒಣಹಾಕಿದ ಕಾಫಿ ತುಳಿಯಲು ಬೀದಿನಾಯಿ ಬಂತೆಂದು ಅಣ್ಣ ದೊಣ್ಣೆ ಹಿಡಿದು ಓಡಿಬಂದ. ನಾನು ಬೊಗಳುತ್ತಲೇ ಅವನದೇ ದನಿ ತೆಗೆದೆ: "ಈ ಮನೇಲಿ ನಾಯಿ ಬ್ಯಾಡ ಅಂದ್ನಲ್ಲ ಕಣೋ!"

ದೊಣ್ಣೆ ಕೈಜಾರಿತು. ಆಮೇಲೆ ಮೆಲ್ಲಗೆ ಕೇಳಿದ: "ಆ ಕೀಚಲು ದನೀದು ಹೆಗ್ಗಣ ಹಿಡೀತೈತೇನೋ?"

"ಹಿಡೀತೈತಂತೆ."

"ಹಂಗಾದ್ರೆ ಅದ್ನೇ ತಗಂಬಾ ಮಾರಾಯ. ಜಗಲಿ ಮೇಲೆ ಮಾತ್ರ ಬ್ಯಾಡ, ಒಲೆ ಪಕ್ಕ ಮಲಗ್ಲಿ."

ಅಲ್ಲಿ ಹಳೇ ಕಂಬಳಿ ಹಾಸಿಡಿ. ಅಣ್ಣನ ದನಿಯ ನನ್ನ ಬೊಗಳು ಕೇಳಿ ಕಣದಲ್ಲಿದ್ದ ಹೆಂಗಸರೆಲ್ಲ ನಕ್ಕರು, ಆದರೆ ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಂಡು ನಕ್ಕವನು ಅಣ್ಣನೇ.