ಮುತ್ತಿಡದೆ ಬಿಟ್ಟ ನೀಲಿ ಕಲ್ಲು

ಬಂದರಿನ ಓಣಿ, ಕ್ರೇಲ್
ಮಂಗಳವಾರ, 12 ನವೆಂಬರ್ 1974

ಪ್ರೀತಿಯ ಗ್ರೆಗರಣ್ಣಾ,

ಹೇಗಿದ್ದೀಯ? ಹಲ್ ಬಂದರಿನ ಥಂಡಿಗೆ ನಿನ್ನ ಎಡಗಿವಿ ಈಗಲೂ ನೋಯುತ್ತಾ? ಹೊತ್ತಿಗೆ ಸರಿಯಾಗಿ ಉಣ್ಣು, ಬರೀ ಚಹಾ ಕುಡಿದು ದಿನ ತಳ್ಳಬೇಡ. ನಾನು ಗಟ್ಟಿಯಾಗೇ ಇದ್ದೀನಿ. ಅಪ್ಪ ಮಾತ್ರ ಚೆನ್ನಾಗಿಲ್ಲ. ನ್ಯುಮೋನಿಯಾ ಆಗಿ ಮಲಗಿದ್ದಾನೆ, ಎರಡು ಮಾತಾಡಿದರೆ ಉಬ್ಬಸ ಬರುತ್ತೆ. ನಿನ್ನೆ ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, 'ಮಗನಿಗೆ ಹೇಳಿಕಳಿಸಿಬಿಡಮ್ಮ, ತಡ ಮಾಡಬೇಡ' ಅಂದರು. ಅದಕ್ಕೇ ಬರೀತಿದ್ದೀನಿ. ಬಾ.

ಹೋದ ವರ್ಷದ ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಬರೆದಿದ್ದೆಯಲ್ಲ, 'ಆ ಊರಿಗೆ ಬರೋಕೆ ಒಂದೇ ಒಂದು ಕಾರಣ ಹೇಳು, ನೋಡೋಣ' ಅಂತ. ಎಷ್ಟು ಕೊಬ್ಬು ನಿನಗೆ. ಬೇಸಿಗೆಯಿಡೀ ನನ್ನ ಏಡಿ ಅಂಗಡಿ ಮುಂದೆ ನಿಂತು ಪ್ರವಾಸಿಗಳು ಕೇಳೋದೂ ಅದನ್ನೇ. ಅವರಿಗೆ ಹೇಳೋ ಬಾಯಿಪಾಠವನ್ನೇ ನಿನಗೂ ಒಪ್ಪಿಸ್ತೀನಿ, ಕೇಳು. ಊರ ಗೋಪುರದ ತುದಿಯ ಚಿನ್ನದ ಬಣ್ಣದ ಮೀನು ಗಾಳಿ ಬೀಸಿದ ಕಡೆ ತಿರುಗುತ್ತೆ. ನಿನ್ನ ಕತ್ತು ಮಾತ್ರ ನಾಲ್ಕು ವರ್ಷದಿಂದ ತಿರುಗಿಲ್ಲ. ಸಂಜೆ ಗಂಟೆ ಈಗಲೂ ಹೊಡೀತಾರೆ. ಹಿಡಿದ ಏಡಿಯನ್ನು ಅಲ್ಲೇ ಬೇಯಿಸಿ ಕೊಡ್ತೀನಿ, ಬಂದರಿನ ಗೋಡೆ ಮೇಲೆ ಕೂತು ಒಡೆದು ತಿನ್ನಬಹುದು, ಬೆರಳು ನೆಕ್ಕಿಕೊಂಡು, ನೀನು ತಿನ್ನುತ್ತಿದ್ದ ಹಾಗೆ. ಅಮ್ಮನ ಸಮಾಧಿ ಕಲ್ಲಿಗೆ ಪಾಚಿ ಹತ್ತಿದೆ, ಅಪ್ಪನ ಕೈಲಿ ಈಗ ಉಜ್ಜೋಕಾಗಲ್ಲ. ಇದನ್ನು ಪ್ರವಾಸಿಗಳಿಗೆ ಹೇಳಲ್ಲ.

ಅಮ್ಮನ ಹೆಸರಿಟ್ಟಿದ್ದ ದೋಣಿಯನ್ನು ಅಪ್ಪ ನಿನಗೊಂದು ಮಾತೂ ಹೇಳದೆ ಮಾರಿದ್ದು ತಪ್ಪು, ದೊಡ್ಡ ತಪ್ಪು. ಅಪ್ಪನ ಮುಖಕ್ಕೇ ಹೇಳಿದ್ದೀನಿ. ಆದರೆ ನೀನು ಮಾಡಿದ್ದೇನು? ನಮ್ಮೂರು ಬಿಟ್ಟು ದೂರ ಹೊರಟವರು ಯಾರೇ ಆಗಲಿ, ಚರ್ಚಿನ ಗೇಟಿನ ಪಕ್ಕದ ನೀಲಿ ಕಲ್ಲಿಗೆ ಮುತ್ತಿಟ್ಟೇ ಹೋಗೋದು. ವಾಪಸ್ ಬರ್ತೀನಿ ಅಂತ ಊರಿಗೆ ಕೊಡೋ ಮಾತು ಅದು. ಯುದ್ಧಕ್ಕೆ ಹೊರಟ ಚಿಕ್ಕಪ್ಪನೂ ಬಗ್ಗಿ ಮುತ್ತಿಟ್ಟಿದ್ದ. ನೀನು ಅದರ ಮುಂದೆಯೇ ಪೆಟ್ಟಿಗೆ ಹೊತ್ತು ದಡದಡ ನಡೆದು ಬಸ್ಸು ಹತ್ತಿದೆ. ಎದುರುಮನೆ ಇಸೊಬೆಲ್ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ, ಸಂಜೆಯೊಳಗೆ ಊರಿಗೆಲ್ಲ ಸಾರಿದಳು. ಅಪ್ಪ ನಕ್ಕುಬಿಟ್ಟ. 'ಕಲ್ಲಿಗೆ ಮುತ್ತಿಟ್ರೆ ಮಗ ಬರ್ತಾನೇನೇ? ಎಲ್ಲಾ ಅಜ್ಜಿ ಕಾಲದ ಹುಚ್ಚು' ಅಂದ. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಅಂತಾರೆ. ನೀವಿಬ್ಬರೂ ಕೊಯ್ದುಕೊಂಡು ಕೂತಿದ್ದೀರಿ, ರಕ್ತ ಒರೆಸೋಳು ನಾನು. ಅವನು ಕ್ಷಮಿಸು ಅನ್ನಲ್ಲ ಅಣ್ಣ, ಆ ಬಾಯಿಗೆ ಆ ಮಾತು ಅಭ್ಯಾಸವಿಲ್ಲ. ಆದರೆ ಬಸ್ಸಿನ ಸದ್ದಾದರೆ ಸಾಕು, 'ಯಾರು ಇಳಿದ್ರು ನೋಡೇ' ಅಂತಾನೆ. ನಾನು ಕಿಟಕಿಗೆ ಹೋಗ್ತೀನಿ, ಬರ್ತೀನಿ, ಯಾರೂ ಇಲ್ಲಪ್ಪ ಅಂತೀನಿ. ಇನ್ನು ಹೇಳೋಕೆ ನನ್ನ ಕೈಲಾಗ್ತಿಲ್ಲ. ನಿನ್ನ ಕಾಲು ಹಿಡೀಬೇಕಾ, ಹಿಡೀತೀನಿ. ಬೆಳಗಿನ ರೈಲು ಹತ್ತಿ, ಆಮೇಲೆ ನಮ್ಮೂರ ಬಸ್ಸು ಹಿಡಿದರೆ ಕತ್ತಲಾಗೋದರೊಳಗೆ ಇಲ್ಲಿರ್ತೀಯ. ಅಷ್ಟೇ ದೂರ ನೀನು ಹೋಗಿರೋದು.

ಅತ್ತೆ ನಿನ್ನನ್ನು ಕೇಳಿದಳು ಅಂತ ಬರಿ ಅಂದಳು, ಬೈದದ್ದನ್ನು ಬರೀಬೇಡ ಅಂದಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಈಫಿ

ತಾ.ಕ.: ಅಂಚೆಕಚೇರಿಯಲ್ಲಿ ನಿಂತು ಬರೀತಿದ್ದೀನಿ, ಚೀಲ ಕಟ್ಟುತ್ತಿದ್ದಾರೆ. ಹೇಳಬೇಡ ಅಂತ ಅಪ್ಪ ಆಣೆ ಹಾಕಿಸಿಕೊಂಡಿದ್ದ, ಹೇಳ್ತಿದ್ದೀನಿ. ಹೋದ ವಾರದ ಜಡಿಮಳೆಯಲ್ಲಿ ಅವನು ಯಾರಿಗೂ ಹೇಳದೆ ಮನೆ ಬಿಟ್ಟು ಹೋಗಿದ್ದ. ಹುಡುಕಿ ಹುಡುಕಿ ಸಾಕಾಯಿತು, ಕೊನೆಗೆ ಸಿಕ್ಕಿದ್ದು ಚರ್ಚಿನ ಗೇಟಿನ ಹತ್ತಿರ, ನೀಲಿ ಕಲ್ಲಿನ ಮುಂದೆ ಮಂಡಿಯೂರಿ, ಏಳೋಕಾಗದೆ ನೆನೆಯುತ್ತಿದ್ದ. ಈ ಜ್ವರ ಹತ್ತಿದ್ದು ಅಲ್ಲೇ. 'ಈ ವಯಸ್ಸಲ್ಲಿ ಎಲ್ಲಿಗೆ ಹೊರಟಿದ್ದೀಯ ಮುತ್ತಿಡೋಕೆ?' ಅಂತ ಬೈದೆ. 'ನಾನೆಲ್ಲಿಗೆ ಹೋಗ್ಲೇ? ಹುಡುಗ ಮರೆತು ಹೋಗಿದ್ದ, ಅವನ ಬದಲು ನಾನಿಟ್ಟೆ' ಅಂದ. ಮರೆತು ಹೋಗಿದ್ದ ಅಂತಲೇ ಅಂದ ಅಣ್ಣ, ಬೇಕಂತ ಬಿಟ್ಟ ಅನ್ನಲಿಲ್ಲ. ನೀನು ಕೇಳಿದ್ದು ಒಂದೇ ಕಾರಣ ಅಲ್ಲವಾ. ಬಾ.